ಕಡ್ಡಿಯ ತುದಿಯಲ್ಲಿ ಹೂವಿನ ಆಯಸ್ಸು

ಹಿತ್ತಿಲಲ್ಲಿ ಬೆಳೆದ ಹೂವನ್ನು ಕೊಯ್ದು ಹೂದಾನಿಗೆ ಇಡುವವರ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ‘ನೀರಿಗೆ ಏನು ಹಾಕಬೇಕು?’ ಎಂದು ಕೇಳಿದವರೇ ಹೆಚ್ಚು. ಹೂವನ್ನು ಯಾವಾಗ ಕೊಯ್ದಿರಿ, ಕಡ್ಡಿಯನ್ನು ಹೇಗೆ ಕತ್ತರಿಸಿದಿರಿ ಎನ್ನುವುದನ್ನು ಬರೆದವರು ಕಡಿಮೆ. ಉತ್ತರ ಅಡಗಿರುವುದು ಅಲ್ಲೇ.

ನಮ್ಮ ಅಂಗಳದ ಗುಲಾಬಿಯನ್ನು ಮೊಗ್ಗಿನಲ್ಲೇ ಕೊಯ್ದು ನೀರಿಗೆ ಇಡುತ್ತೇನೆ. ಮಾರನೆಯ ದಿನವೇ ಕತ್ತು ಬಗ್ಗಿಸುತ್ತದೆ, ಮೊಗ್ಗು ಅರಳುವುದೇ ಇಲ್ಲ. ಅಂಗಡಿಯ ಗುಲಾಬಿ ಮಾತ್ರ ವಾರ ಇರುತ್ತದೆ. ಅದಕ್ಕೆ ಏನಾದರೂ ಔಷಧಿ ಹೊಡೆದಿರುತ್ತಾರೆಯೇ?
– ಓದುಗರು, ಮೈಸೂರು

ಔಷಧಿಗಿಂತ ದೊಡ್ಡ ಕಾರಣ ತಳಿ. ಅಂಗಡಿಯಲ್ಲಿ ಸಿಗುವ ತಾಜ್‌ಮಹಲ್‌ನಂಥ ಉದ್ದ ಕಡ್ಡಿಯ ಗುಲಾಬಿಗಳನ್ನು ಬೆಳೆಸುವುದೇ ಹೂದಾನಿಯಲ್ಲಿ ಬಾಳಿಕೆ ಬರಲೆಂದು. ಘಮಘಮಿಸುವ ಹಿತ್ತಿಲ ಗುಲಾಬಿ ಮೂರು ನಾಲ್ಕು ದಿನ ನಿಂತರೆ ಅದೇ ಒಳ್ಳೆಯ ಲೆಕ್ಕ. ಪನ್ನೀರು ಗುಲಾಬಿಯನ್ನಂತೂ ಹೂದಾನಿಗೆ ತರಬೇಡಿ, ಸಂಜೆಯೊಳಗೆ ಎಸಳು ಉದುರಿಸುತ್ತದೆ. ಅದು ದೇವರ ತಟ್ಟೆಗೆ, ಗುಲ್ಕಂದಿಗೆ ಸರಿ.

ಇನ್ನು ಕತ್ತು ಬಗ್ಗುವ ವಿಚಾರ. ನೀವು ಕೊಯ್ಯುತ್ತಿರುವುದು ತೀರಾ ಎಳೆಯ ಮೊಗ್ಗು. ಮೊಗ್ಗಿನ ಬುಡದ ಐದು ಹಸಿರು ಪುಷ್ಪಪತ್ರಗಳನ್ನು ನೋಡಿ. ಅವು ಮೊಗ್ಗಿಗೆ ಅಪ್ಪಿಕೊಂಡಿದ್ದರೆ ಅದರ ಕೆಳಗಿನ ಕತ್ತು ಇನ್ನೂ ಬಲಿತಿಲ್ಲ ಎಂದರ್ಥ. ಅವು ಕೆಳಕ್ಕೆ ಬಾಗಿ, ಹೊರಗಿನ ಒಂದೆರಡು ಎಸಳು ಸಡಿಲವಾದ ಮೇಲೆ ಕತ್ತರಿ ಹಾಕಿ.

ಎರಡನೆಯದು ಗಾಳಿ. ಕಡ್ಡಿಯೊಳಗೆ ಕೂದಲೆಳೆಯಂಥ ನಾಳಗಳಲ್ಲಿ ನೀರು ಎಳೆದು ಕಟ್ಟಿದ ದಾರದ ಹಾಗೆ ಬಿಗಿಯಾಗಿರುತ್ತದೆ. ಕತ್ತರಿಸಿದ ಕ್ಷಣ ಆ ನೀರು ಮೇಲಕ್ಕೆ ಸರಿದು, ತುದಿಯಲ್ಲಿ ಗಾಳಿಯ ಗುಳ್ಳೆ ಸೇರಿಕೊಳ್ಳುತ್ತದೆ. ಆಮೇಲೆ ಬಕೆಟ್ ತುಂಬ ನೀರಿದ್ದರೂ ಗುಳ್ಳೆ ದಾಟಿ ಹೂವಿಗೆ ತಲುಪುವುದಿಲ್ಲ. ಬಿಸಿಲೇರಿದ ಮೇಲೆ ಕೊಯ್ದರೆ ಇದು ಇನ್ನೂ ಹೆಚ್ಚು. ಆದ್ದರಿಂದ ಬೆಳಗ್ಗೆ ಏಳು ಗಂಟೆಯೊಳಗೆ, ಇಬ್ಬನಿ ಆರಿದ ತಕ್ಷಣ ಕೊಯ್ಯಿರಿ. ನೀರು ತುಂಬಿದ ಬಕೆಟ್ಟನ್ನು ಗಿಡದ ಬುಡಕ್ಕೇ ಒಯ್ಯಿರಿ. ಹೊರಮುಖದ ಕಣ್ಣಿನ (ಚಿಗುರು ಒಡೆಯುವ ಗೆಣ್ಣಿನ) ಮೇಲೆ ಕತ್ತರಿಸಿ, ಗಿಡದಲ್ಲಿ ಉಳಿಯುವ ಕಡ್ಡಿಗೆ ಐದೆಲೆಯ ಗೊಂಚಲು ಕನಿಷ್ಠ ಎರಡು ಇರಲಿ. ಇಲ್ಲದಿದ್ದರೆ ಮುಂದಿನ ಚಿಗುರಿಗೆ ಬಲ ಇರುವುದಿಲ್ಲ.

ಮನೆಯೊಳಗೆ ಬಂದ ಮೇಲೆ ಅಗಲ ಬೋಗುಣಿಯ ನೀರಿನಲ್ಲಿ ತುದಿಯನ್ನು ಮುಳುಗಿಸಿ ಹಿಡಿದು, ನೀರಿನೊಳಗೇ ಇನ್ನೊಮ್ಮೆ ಎರಡು ಸೆಂ.ಮೀ. ಕತ್ತರಿಸಿ. ಕಡ್ಡಿಯ ಮುಕ್ಕಾಲು ಭಾಗ ಮುಳುಗುವಷ್ಟು ನೀರಿನಲ್ಲಿ, ನೆರಳಿನಲ್ಲಿ ಎರಡು ಗಂಟೆ ಬಿಟ್ಟು, ಆಮೇಲೆ ಜೋಡಿಸಿ. ಓರೆಯಾಗಿ ಕತ್ತರಿಸುವುದರ ಉದ್ದೇಶ ತುದಿ ಹೂದಾನಿಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳದಿರಲಿ ಎನ್ನುವುದಷ್ಟೇ. ಓರೆ ಎಷ್ಟು ಹೆಚ್ಚಿದರೆ ಅಷ್ಟು ನೀರು ಎನ್ನುವಂತೇನಿಲ್ಲ. ತುದಿಯನ್ನು ಕಲ್ಲಿನಿಂದ ಜಜ್ಜುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಿ. ಜಜ್ಜಿದರೆ ನಾಳಗಳು ಮುಚ್ಚಿಹೋಗುತ್ತವೆ, ಕೊಳೆಯಲು ಹೆಚ್ಚು ಜಾಗವೂ ಆಗುತ್ತದೆ.

ಈಗಾಗಲೇ ಕತ್ತು ಬಗ್ಗಿದ್ದರೆ ತುದಿ ಕತ್ತರಿಸಿ, ಇಡೀ ಹೂವನ್ನು ಕಡ್ಡಿಸಮೇತ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಮುಕ್ಕಾಲು ಗಂಟೆ ಮಲಗಿಸಿ. ಕತ್ತು ನೆಟ್ಟಗಾದರೆ ಗಾಳಿಯೇ ಕಾರಣವಾಗಿತ್ತು. ಆಗದಿದ್ದರೆ ಮೊಗ್ಗು ಎಳೆಯದು. ತಲೆಯನ್ನಷ್ಟೇ ಕತ್ತರಿಸಿ ಬಟ್ಟಲ ನೀರಿನಲ್ಲಿ ತೇಲಿಬಿಡಿ.

ಆಸ್ಪಿರಿನ್, ಸಕ್ಕರೆ, ತಾಮ್ರದ ನಾಣ್ಯ, ಸೋಡಾ – ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಜವಾಗಿ ಕೆಲಸ ಮಾಡುವುದು ಯಾವುದು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಾಫ್ಟನರ್ ನೀರು (ಯಂತ್ರದಲ್ಲಿ ಗಡಸು ತೆಗೆದದ್ದು) ಬರುತ್ತದೆ.
– ಓದುಗರು, ಬೆಂಗಳೂರು

ಕೊಯ್ದ ಹೂವಿಗೆ ಬೇಕಾದದ್ದು ಮೂರು. ತಿನ್ನಲು ಸ್ವಲ್ಪ ಸಕ್ಕರೆ, ನೀರು ಸರಾಗವಾಗಿ ಏರಲು ಸ್ವಲ್ಪ ಹುಳಿ, ಬ್ಯಾಕ್ಟೀರಿಯಾ ಬೆಳೆಯದಂತೆ ಏನಾದರೊಂದು. ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾಕ್ಕೇ ಊಟ. ಎರಡನೇ ದಿನ ಕಡ್ಡಿ ಲೋಳೆಯಾಗುವುದು ಅದಕ್ಕೇ. ಈಗಿನ ನಾಣ್ಯಗಳು ಬಹುಪಾಲು ಉಕ್ಕಿನವು. ತಾಮ್ರದ್ದೇ ಸಿಕ್ಕರೂ ಹೂದಾನಿಯಲ್ಲಿ ಕರಗುವುದು ಏನೇನೂ ಸಾಲದು. ಆಸ್ಪಿರಿನ್ ನೀರನ್ನು ತುಸು ಹುಳಿ ಮಾಡುತ್ತದೆ, ಆ ಕೆಲಸಕ್ಕೆ ನಿಂಬೆಹಣ್ಣೇ ಸಾಕು. ಅಡುಗೆ ಸೋಡಾ ಇದಕ್ಕೆ ತೀರಾ ತದ್ವಿರುದ್ಧ, ಬೇಡ.

ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಸಕ್ಕರೆ ಕರಗಿಸಿ. ಒಂದು ಟೀ ಚಮಚ ಸೋಸಿದ ನಿಂಬೆರಸ ಹಾಕಿ ಕಲಕಿ. ಕೊನೆಗೆ ಬಿಳಿ ಬಟ್ಟೆಗೆ ಹಾಕುವ ಸಾದಾ ದ್ರವರೂಪದ ಬ್ಲೀಚ್ ಕಾಲು ಟೀ ಚಮಚ, ಹೆಚ್ಚು ಬೇಡ. ನಿಂಬೆರಸ ಮತ್ತು ಬ್ಲೀಚನ್ನು ಒಂದೇ ಚಮಚದಲ್ಲಿ ನೇರವಾಗಿ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚಿಂಗ್ ಪುಡಿಯೂ ಬೇಡ, ಅದರಲ್ಲಿ ಸುಣ್ಣ ಇರುತ್ತದೆ. ಎರಡು ದಿನಕ್ಕೊಮ್ಮೆ ಇಡೀ ನೀರನ್ನು ಚೆಲ್ಲಿ, ಹೂದಾನಿ ಉಜ್ಜಿ, ಕಡ್ಡಿಯ ತುದಿಯನ್ನು ಒಂದು ಸೆಂ.ಮೀ. ಕತ್ತರಿಸಿ, ಹೊಸದಾಗಿ ಕಲಸಿದ ನೀರು ಹಾಕಿ. ಇಷ್ಟು ಮಾಡುವ ಪುರುಸೊತ್ತಿಲ್ಲದಿದ್ದರೆ ಸಕ್ಕರೆಯ ತಂಟೆಗೇ ಹೋಗದೆ ದಿನವೂ ಬರೀ ನೀರು ಬದಲಿಸಿ. ಹೂವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಿತ್ತಾಳೆ, ತಾಮ್ರದ ಪಾತ್ರೆಗೆ ಈ ಹುಳಿ ನೀರನ್ನು ನೇರವಾಗಿ ಹಾಕಬೇಡಿ, ಒಳಗೊಂದು ಗಾಜಿನ ಲೋಟ ಇಟ್ಟು ಅದಕ್ಕೆ ಹಾಕಿ. ಸಾಫ್ಟನರ್ ನೀರಿನಲ್ಲಿ ಸೋಡಿಯಂ ಹೆಚ್ಚು. ಗುಲಾಬಿ, ಕಾರ್ನೇಶನ್‌ಗಳಿಗೆ ಅದು ಗಡಸು ನೀರಿಗಿಂತ ಕೆಟ್ಟದ್ದು. ಅಡುಗೆಮನೆಯ ಫಿಲ್ಟರಿನ ಆರ್‌ಒ ನೀರು ಒಂದು ಲೀಟರ್ ಹಿಡಿದುಕೊಂಡರೆ ಮುಗಿಯಿತು.

ಮಳೆಗಾಲದಲ್ಲಿ ಅಂಗಳ ತುಂಬ ಡೇರೆ ಹೂ. ಗಿಡದಲ್ಲಿ ವಾರ ಇರುವ ಹೂ ಒಳಗೆ ತಂದರೆ ಒಂದೇ ದಿನಕ್ಕೆ ಸೋತುಹೋಗುತ್ತದೆ.
– ಓದುಗರು, ತೀರ್ಥಹಳ್ಳಿ

ಡೇರೆಯ ದಂಟು ಟೊಳ್ಳು, ಮೃದು. ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ಮನೆ. ಜೊತೆಗೆ ಇದು ಕೊಯ್ದ ಮೇಲೆ ಅರಳುವ ಜಾತಿಯಲ್ಲ. ಗುಲಾಬಿಯ ಲೆಕ್ಕದಲ್ಲಿ ಮೊಗ್ಗು ಕೊಯ್ದರೆ ಮೊಗ್ಗಾಗಿಯೇ ಬಾಡುತ್ತದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಅರಳಿರಲಿ. ಆದರೆ ಹೂವನ್ನು ತಿರುಗಿಸಿ ಬೆನ್ನು ನೋಡಿ: ಹಿಂಬದಿಯ ಎಸಳುಗಳು ಗಟ್ಟಿಯಾಗಿ, ತಂಪಾಗಿ ಕೈಗೆ ತಾಗಬೇಕು. ಹಳೆ ಕಾಗದದ ಹಾಗೆ ತೆಳುವಾಗಿ, ಅಂಚು ಕಂದಾಗಿದ್ದರೆ ಆ ಹೂವಿಗೆ ವಯಸ್ಸಾಗಿದೆ. ಗಿಡದಲ್ಲೇ ಬಿಡಿ.

ಕೊಯ್ದು ತಂದ ಕೂಡಲೇ ಬಿಸಿನೀರಿನ ಉಪಚಾರ ಬೇಕು. ಕುದಿ ಬಂದ ನೀರಿಗೆ ಸ್ವಲ್ಪ ತಣ್ಣೀರು ಬೆರೆಸಿ 70ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಕೈ ಅದ್ದಲಾಗದಷ್ಟು ಬಿಸಿ, ಆದರೆ ಕುದಿಯುತ್ತಿರಬಾರದು. ಸ್ಟೀಲ್ ಚೊಂಬಿನಲ್ಲಿ ಐದಾರು ಸೆಂ.ಮೀ. ಎತ್ತರಕ್ಕೆ ಹಾಕಿ, ದಂಟಿನ ತುದಿಗಳನ್ನು ಅದರಲ್ಲಿ ನಿಲ್ಲಿಸಿ. ಹಬೆ ಹೂವಿಗೆ ತಾಗದಂತೆ ಚೊಂಬಿನ ಬಾಯಿಗೆ ಬಟ್ಟೆ ಸುತ್ತಿ. ನೀರು ತಾನಾಗಿ ಆರುವವರೆಗೆ, ಅಂದರೆ ಸುಮಾರು ಒಂದು ಗಂಟೆ, ಮುಟ್ಟಬೇಡಿ. ಬೆಂದು ಬಣ್ಣಗೆಟ್ಟ ತುದಿಯನ್ನು ಮತ್ತೆ ಕತ್ತರಿಸದೆ ಹಾಗೆಯೇ ಹೂದಾನಿಗೆ ಇಡಿ. ನಾಲ್ಕೈದು ದಿನ ನಿಲ್ಲುತ್ತದೆ. ಮಳೆ ನೀರು ಕುಡಿದು ಭಾರವಾದ ಹೂವನ್ನು ತಲೆಕೆಳಗು ಮಾಡಿ ಮೆಲ್ಲಗೆ ಕೊಡವಿ ನೀರಿಳಿಸಿ. ಎಸಳ ಸಂದಿಯಲ್ಲಿ ನೀರು ನಿಂತರೆ ಮಧ್ಯದಿಂದಲೇ ಕೊಳೆ ಶುರು. ಇರುವೆಗಳೂ ಇಳಿದುಹೋಗುತ್ತವೆ.

ಝೀನಿಯಾ, ಚೆಂಡು ಹೂವು ಇಟ್ಟರ ಎರಡ ದಿನದಾಗ ನೀರು ಗಬ್ಬ ನಾರತೈತ್ರಿ. ಏನ್ ಮಾಡಬೇಕು?
– ಓದುಗರು, ಹುಬ್ಬಳ್ಳಿ

ನಾರುವುದು ಹೂವಲ್ಲ, ನೀರಿನೊಳಗೆ ಉಳಿದ ಎಲೆ. ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಎಲೆಯೂ ಇರಬಾರದು, ಚೆಂಡು ಹೂವಿಗಂತೂ ಇದು ಕಡ್ಡಾಯ. ನೀರೂ ಕಡಿಮೆ ಸಾಕು, ಏಳೆಂಟು ಸೆಂ.ಮೀ. ಲೀಟರಿಗೆ ಕಾಲು ಟೀ ಚಮಚ ಬ್ಲೀಚ್ ಹಾಕಿ, ಸಕ್ಕರೆ ಬೇಡ. ಕಿರುಬಾಯಿಯ ಹೂದಾನಿಗೆ ಕೈ ಹೋಗದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಚೆನ್ನಾಗಿ ಕುಲುಕಿ. ಗೋಡೆಗೆ ಅಂಟಿದ ಲೋಳೆ ಬಿಟ್ಟುಕೊಳ್ಳುತ್ತದೆ.

ಝೀನಿಯಾಕ್ಕೆ ಒಂದು ಪರೀಕ್ಷೆ ಇದೆ. ಹೂವಿಗಿಂತ ಒಂದು ಗೇಣು ಕೆಳಗೆ ದಂಟನ್ನು ಹಿಡಿದು ಅಲ್ಲಾಡಿಸಿ. ತಲೆ ತೂಗಾಡಿದರೆ ಇನ್ನೂ ಎಳೆಯದು, ದಂಟು ಸೆಟೆದು ನಿಂತರೆ ಕೊಯ್ಯಬಹುದು.

ನಮ್ಮದು ಕೊಳವೆ ಬಾವಿ ನೀರು. ಗ್ಲಾಡಿಯೋಲಸ್ ಹೂವಿನ ಅಂಚು ಸುಟ್ಟ ಹಾಗಾಗುತ್ತದೆ, ತುದಿಯೂ ಸೊಟ್ಟಗಾಗುತ್ತದೆ.
– ಓದುಗರು, ಪಾವಗಡ

ಎರಡೂ ಬೇರೆ ಬೇರೆ ತೊಂದರೆ. ಅಂಚು ಸುಡುವುದು ಬಹುತೇಕ ಫ್ಲೋರೈಡಿನಿಂದ. ನಿಮ್ಮ ಭಾಗದ ಆಳದ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗ್ಲಾಡಿಯೋಲಸ್ ಮತ್ತು ಜರ್ಬೆರಾ ಈ ವಿಷಯದಲ್ಲಿ ತೀರಾ ಸೂಕ್ಷ್ಮ, ಲೀಟರಿಗೆ ಒಂದು ಮಿಲಿಗ್ರಾಮ್ ಇದ್ದರೂ ಮೇಲಿನ ಮೊಗ್ಗುಗಳು ಅರಳದೆ ಒಣಗಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೇ. ಹಿಡಿದಿಟ್ಟ ಮಳೆನೀರು ಅಥವಾ ಶುದ್ಧ ನೀರಿನ ಘಟಕದ ನೀರು ಬಳಸಿ.

ತುದಿ ಸೊಟ್ಟಗಾಗುವುದು ಕಡ್ಡಿಯನ್ನು ಮಲಗಿಸಿ ಇಟ್ಟದ್ದರಿಂದ. ಗ್ಲಾಡಿಯೋಲಸ್ ಕೊಯ್ದ ಮೇಲೂ ಬೆಳಕಿನ ಕಡೆಗೆ, ಆಕಾಶದ ಕಡೆಗೆ ತಿರುಗುತ್ತಲೇ ಇರುತ್ತದೆ. ಕೆಲವೇ ಗಂಟೆ ಮಲಗಿಸಿದರೂ ತುದಿ ಮೇಲಕ್ಕೆ ಬಾಗಿ ಹಾಗೆಯೇ ನಿಲ್ಲುತ್ತದೆ. ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ. ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದಾಗಲೇ ಕೊಯ್ಯಿರಿ. ಗಿಡದಲ್ಲಿ ನಾಲ್ಕು ಎಲೆಯಾದರೂ ಉಳಿಯಲಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಗೆಡ್ಡೆ ಬಲಿಯುವುದಿಲ್ಲ.

ಸುಗಂಧರಾಜದ ಕೆಳಗಿನ ಹೂಗಳು ಅರಳುತ್ತವೆ, ಮೇಲಿನ ಅರ್ಧ ಕಡ್ಡಿ ಹಸಿರಾಗಿಯೇ ಉಳಿಯುತ್ತದೆ.
– ಓದುಗರು, ಹಾಸನ

ನಿಮ್ಮದು ಸುತ್ತೆಸಳಿನದೋ ಒಂಟಿ ಎಸಳಿನದೋ ಬರೆದಿಲ್ಲ. ಸುತ್ತೆಸಳಿನ ಜಾತಿಯಲ್ಲಿ ಮೇಲಿನ ಮೊಗ್ಗು ನಿಂತುಬಿಡುವುದು ಹೆಚ್ಚು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ‘ಸುವಾಸಿನಿ’, ‘ವೈಭವ್’ ಸುತ್ತೆಸಳಿನವು, ‘ಶೃಂಗಾರ್’, ‘ಪ್ರಜ್ವಲ್’ ಒಂಟಿ ಎಸಳಿನವು. ಯಾವುದೇ ಆದರೂ ಒಂದು ಕಡ್ಡಿಯಲ್ಲಿ ಹತ್ತಾರು ಮೊಗ್ಗು ಅರಳಿಸಲು ಒಳಗಿರುವ ಸಕ್ಕರೆ ಸಾಲುವುದಿಲ್ಲ. ಕೆಳಗಿನ ಎರಡು ಮೂರು ಹೂ ಅರಳಿದಾಗ ಕೊಯ್ದು, ಲೀಟರಿಗೆ ನಾಲ್ಕು ಟೀ ಚಮಚ ಸಕ್ಕರೆಯಂತೆ ಹಾಕಿ. ನಿಂಬೆ, ಬ್ಲೀಚ್ ಮೇಲೆ ಹೇಳಿದಷ್ಟೇ. ತುದಿಯ ಮೂರು ನಾಲ್ಕು ಪುಟ್ಟ ಮೊಗ್ಗುಗಳನ್ನು ಚಿವುಟಿ, ಬಾಡಿದ್ದನ್ನು ದಿನವೂ ತೆಗೆಯಿರಿ. ಮಲಗುವ ಕೋಣೆಯಲ್ಲಿ ಬೇಡ. ರಾತ್ರಿ ಘಮ ಏರಿದಾಗ ತಲೆನೋವು ಬರುವವರಿದ್ದಾರೆ.

ಆಂಥೂರಿಯಂ, ಹೆಲಿಕೋನಿಯಾಗಳನ್ನು ಸಮಾರಂಭಕ್ಕೆಂದು ಎರಡು ದಿನ ಫ್ರಿಜ್ಜಿನಲ್ಲಿಟ್ಟೆ. ಕಪ್ಪಾಗಿಬಿಟ್ಟವು!
– ಓದುಗರು, ಶಿರಸಿ

ಉಷ್ಣವಲಯದ ಗಿಡಗಳಿಗೆ ಫ್ರಿಜ್ಜಿನ ನಾಲ್ಕು ಡಿಗ್ರಿಯ ಚಳಿ ಸುಟ್ಟ ಗಾಯಕ್ಕೆ ಸಮ. ಆರ್ಕಿಡ್, ಸುರುಳಿ ಸುಗಂಧಿಗೂ ಇದೇ ಮಾತು. ಇವನ್ನು ಕೊಯ್ದ ತಕ್ಷಣ ತಲೆಸಮೇತ ತಣ್ಣೀರಿನಲ್ಲಿ 20 ನಿಮಿಷ ಮುಳುಗಿಸಿ, ಮನೆಯ ತಂಪು ಮೂಲೆಯಲ್ಲಿ ನೀರಿಗಿಡಿ. ಆಂಥೂರಿಯಂ ಎರಡು ವಾರ ಆರಾಮಾಗಿ ಇರುತ್ತದೆ. ಮಧ್ಯದ ಕಡ್ಡಿಯ ಅರ್ಧದಷ್ಟು ಬಣ್ಣ ಬದಲಾಗಿ ತರಿತರಿಯಾದ ಮೇಲೆ ಕೊಯ್ದಿರಬೇಕು. ಹೆಲಿಕೋನಿಯಾ ಕೊಯ್ದ ಮೇಲೆ ಮತ್ತಷ್ಟು ಬಿಚ್ಚಿಕೊಳ್ಳುವುದಿಲ್ಲ, ಎಷ್ಟು ಅರಳಿರಬೇಕೋ ಅಷ್ಟು ಅರಳಿದ ಮೇಲೆಯೇ ಕತ್ತರಿಸಿ.

ಗುಲಾಬಿ, ಕಾರ್ನೇಶನ್ ಫ್ರಿಜ್ಜಿಗೆ ಒಗ್ಗುತ್ತವೆ. ಆದರೆ ಪಕ್ಕದಲ್ಲಿ ಮಾಗಿದ ಹಣ್ಣು ಇರಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಹೂವನ್ನೂ ಮುದಿಮಾಡುತ್ತದೆ. ಊಟದ ಮೇಜಿನ ಮೇಲೆ ಬಾಳೆಗೊನೆ, ಹೂದಾನಿ ಅಕ್ಕಪಕ್ಕ ಇಡುವವರೂ ಗಮನಿಸಿ. ಊದುಬತ್ತಿಯ ಹೊಗೆಯಲ್ಲೂ ಅದು ಇರುತ್ತದೆ.

ಹೈಡ್ರೇಂಜಿಯಾ ದೊಡ್ಡ ಗೊಂಚಲು ತಂದಿಟ್ಟ ಎರಡೇ ಗಂಟೆಗೆ ಜೋತುಬೀಳುತ್ತದೆ.
– ಓದುಗರು, ಮಡಿಕೇರಿ

ಹೊಸದಾಗಿ ಅರಳಿದ್ದು ಜೋತುಬೀಳುವುದು ಸಹಜ. ಮುಟ್ಟಿದರೆ ಎಸಳು ತುಸು ದಪ್ಪಗೆ, ಚರ್ಮದ ಹಾಗೆ ತಾಗುವವರೆಗೆ ಕಾಯಿರಿ. ಕತ್ತರಿಸಿದ ತುದಿಯನ್ನು ಪಟಿಕದ ಪುಡಿಯಲ್ಲಿ ಒಂದು ಸೆಂ.ಮೀ. ಅದ್ದಿ ನೀರಿಗಿಡಿ. ಎಲೆ ಬಹುಪಾಲು ತೆಗೆದುಬಿಡಿ. ಬಾಡಿದ್ದರೆ ಇಡೀ ಗೊಂಚಲನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಮುಳುಗಿಸಿ, ಇದು ತಲೆಯಿಂದಲೂ ನೀರು ಕುಡಿಯುತ್ತದೆ.

ಪಿನ್ ಹೋಲ್ಡರ್ (ಕಡ್ಡಿ ಚುಚ್ಚಿ ನಿಲ್ಲಿಸುವ ಮೊಳೆಗಳ ತಟ್ಟು) ತಂದಿದ್ದೇನೆ, ಆದರೆ ಜೋಡಿಸಿದ್ದೆಲ್ಲ ಒಂದು ಬದಿಗೆ ಬೀಳುತ್ತದೆ. ಹಸಿರು ಫೋಮ್ ಬಳಸಲು ಮನಸ್ಸಿಲ್ಲ. ಬೇರೆ ಏನಿದೆ? ಎತ್ತರದ ಲೆಕ್ಕ ಹೇಗೆ?
– ಓದುಗರು, ಕುಂದಾಪುರ

ಮೊದಲು ಪಿನ್ ಹೋಲ್ಡರನ್ನು ಅಲುಗಾಡದಂತೆ ಕೂರಿಸಿ. ಪಾತ್ರೆಯೂ ಹೋಲ್ಡರಿನ ತಳವೂ ಪೂರ್ತಿ ಒಣಗಿರುವಾಗ, ಮಕ್ಕಳು ಆಡುವ ಎಣ್ಣೆ ಜೇಡಿಯನ್ನು ಬತ್ತಿಯಂತೆ ಹೊಸೆದು ತಳದ ಅಂಚಿಗೆ ಸುತ್ತಿ, ಒತ್ತಿ ತಿರುಗಿಸಿ. ಒದ್ದೆಯಾದ ಮೇಲೆ ಅಂಟುವುದಿಲ್ಲ. ಗಟ್ಟಿ ಕೊಂಬೆಯನ್ನು ಓರೆಯಾಗಿ ಕತ್ತರಿಸಿ ಮೊದಲು ನೆಟ್ಟಗೆ ಚುಚ್ಚಿ, ಆಮೇಲೆ ಬೇಕಾದ ಕಡೆಗೆ ಬಾಗಿಸಿ. ಮೊದಲೇ ಓರೆಯಾಗಿ ಚುಚ್ಚಿದರೆ ಹಿಡಿತ ಸಿಗುವುದಿಲ್ಲ. ನಿಮ್ಮದು ಬೀಳುತ್ತಿರುವುದು ಇದಕ್ಕೇ ಇರಬಹುದು. ಮೃದು ದಂಟನ್ನು ಅಡ್ಡವಾಗಿ, ಸಮನಾಗಿ ಕತ್ತರಿಸಿ. ತೀರಾ ಸಣ್ಣ ಕಡ್ಡಿಯಾದರೆ ಎರಡು ಸೆಂ.ಮೀ. ಉದ್ದದ ಗ್ಲಾಡಿಯೋಲಸ್ ದಂಟಿನ ತುಂಡಿನೊಳಗೆ ತೂರಿಸಿ, ಆ ತುಂಡನ್ನು ಮೊಳೆಗೆ ಚುಚ್ಚಿ. ಕೊನೆಗೆ ಮೊಳೆಗಳು ಮುಳುಗುವಷ್ಟು ನೀರು.

ಎತ್ತರಕ್ಕೆ ಇಕೆಬಾನದವರ, ಅಂದರೆ ಜಪಾನಿನ ಹೂಜೋಡಣೆಯವರ, ಲೆಕ್ಕ ಸುಲಭ. ಪಾತ್ರೆಯ ಅಗಲ ಮತ್ತು ಆಳ ಕೂಡಿಸಿ, ಅದರ ಒಂದೂವರೆಯಿಂದ ಎರಡರಷ್ಟು ಮೊದಲ ಕೊಂಬೆ. 25 ಸೆಂ.ಮೀ. ಅಗಲ, 5 ಸೆಂ.ಮೀ. ಆಳದ ತಟ್ಟೆಗೆ 48 ಸೆಂ.ಮೀ. ಇಟ್ಟುಕೊಳ್ಳೋಣ. ಎರಡನೆಯದು ಅದರ ಮುಕ್ಕಾಲು, 36. ಮೂರನೆಯದು ಎರಡನೆಯದರ ಮುಕ್ಕಾಲು, 27. ಮೊದಲನೆಯದು ಹೆಚ್ಚುಕಡಿಮೆ ನೆಟ್ಟಗೆ, 10–15 ಡಿಗ್ರಿ ಎಡ ಮುಂದಕ್ಕೆ. ಎರಡನೆಯದು ಅದೇ ಕಡೆಗೆ 45 ಡಿಗ್ರಿ. ಮೂರನೆಯದು ಬಲ ಮುಂದಕ್ಕೆ 75 ಡಿಗ್ರಿ, ನೀರಿನ ಮೇಲೆ ಒರಗಿದ ಹಾಗೆ. ಮೂರೂ ಒಂದೇ ಸಾಲಿನಲ್ಲಿ ನಿಂತರೆ ಬೇಲಿಯಾಗುತ್ತದೆ. ಇವುಗಳ ನಡುವೆ ಇವಕ್ಕಿಂತ ಗಿಡ್ಡ ಹೂ ಎರಡು ಮೂರು ಸಾಕು. ಕೈ ತಡೆಯುವುದೇ ಇಲ್ಲಿ ಕಷ್ಟದ ಕೆಲಸ. ಹೊಸದಾಗಿ ಹಾಳೆ ಒಡೆದ ಅಡಿಕೆ ಸಿಂಗಾರದ ಒಂದು ಎಳೆ ಮೂರನೆಯ ಕೊಂಬೆಯ ಜಾಗಕ್ಕೆ ತುಂಬ ಚೆನ್ನ, ಆದರೆ ಕಾಳು ಉದುರುತ್ತದೆ, ಬಿಳಿ ಮೇಜುಬಟ್ಟೆ ಬೇಡ.

ಫೋಮ್ ಮಣ್ಣಿನಲ್ಲಿ ಕರಗುವಂಥದ್ದಲ್ಲ, ನಿಮ್ಮ ಹಿಂಜರಿಕೆ ಸರಿಯೇ. ಆಳದ ಪಾತ್ರೆಗೆ ಕೋಳಿಗೂಡಿನ ತಂತಿ ಜಾಲರಿಯನ್ನು ಸಡಿಲವಾಗಿ ಉಂಡೆ ಮಾಡಿ ಒಳಗಿಡಿ. ಒಂದು ದಿನದ ಸಮಾರಂಭಕ್ಕಾದರೆ ಬಾಳೆದಿಂಡಿಗೆ ಸಮನಾದದ್ದಿಲ್ಲ. 10–12 ಸೆಂ.ಮೀ. ತುಂಡು ಕತ್ತರಿಸಿ ತಟ್ಟೆಯಲ್ಲಿ ನಿಲ್ಲಿಸಿ, ಸುತ್ತ ನೀರು ಹಾಕಿ. ಗುಲಾಬಿ, ಸೇವಂತಿಗೆ ಕಡ್ಡಿಗಳು ನೇರವಾಗಿ ಇಳಿಯುತ್ತವೆ. ಜರ್ಬೆರಾದಂಥ ಮೃದು ದಂಟಿಗೆ ದಬ್ಬಳದಿಂದ ಮೊದಲು ತೂತು ಮಾಡಿ. ಮಾರನೆಯ ದಿನ ದಿಂಡು ಕಂದಾಗಿ ವಾಸನೆ ಬರುತ್ತದೆ. ಬಾಳೆಕರೆ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ ಎನ್ನುವುದು ನಿಮಗೆ ಹೇಳಬೇಕಿಲ್ಲ.

ಎಸ್ಟೇಟ್ ಬೇಲಿಯ ಕೆಂಪು ಪಾಯಿನ್‌ಸೆಟಿಯಾ ಮತ್ತು ಕಣಗಿಲೆಯನ್ನು ಹೂದಾನಿಗೆ ಇಡಬಹುದೇ?
– ಓದುಗರು, ಚಿಕ್ಕಮಗಳೂರು

ಪಾಯಿನ್‌ಸೆಟಿಯಾ ಇಡಬಹುದು. ಕತ್ತರಿಸಿದಲ್ಲಿ ಒಸರುವ ಬಿಳಿ ಹಾಲು ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ, ಅದಕ್ಕೆ ತುದಿಯನ್ನು ಮೇಣದಬತ್ತಿಯ ಉರಿಗೆ ಹತ್ತು ಹದಿನೈದು ಸೆಕೆಂಡ್ ಹಿಡಿದು ಸುಡಿ. ಪ್ರತಿ ಸಲ ಕತ್ತರಿಸಿದಾಗಲೂ ಸುಡಬೇಕು. ಹಾಲು ಚರ್ಮಕ್ಕೆ ಉರಿ ತರಬಹುದು, ಕಣ್ಣಿಗೆ ತಾಗಿಸಬೇಡಿ. ಕಣಗಿಲೆ ಮಾತ್ರ ಬೇಡ. ಹೂ, ಎಲೆ, ಕಡ್ಡಿ ಎಲ್ಲವೂ ವಿಷ, ಅದನ್ನಿಟ್ಟ ನೀರೂ ವಿಷ. ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಂತೂ ಒಳಗೆ ತರಲೇಬಾರದು.

ಇಲ್ಲಿ ವಸಂತದಲ್ಲಿ ಅಂಗಳದಲ್ಲಿ ಡ್ಯಾಫೊಡಿಲ್, ಟ್ಯೂಲಿಪ್ ಎರಡೂ ಬರುತ್ತವೆ. ಒಟ್ಟಿಗೆ ಇಟ್ಟರೆ ಟ್ಯೂಲಿಪ್ ಬೇಗ ಹಾಳಾಗುತ್ತದೆ ಏಕೆ?
– ಓದುಗರು, ಮಿಲ್ಟನ್ ಕೀನ್ಸ್, ಇಂಗ್ಲೆಂಡ್

ಡ್ಯಾಫೊಡಿಲ್ ಕತ್ತರಿಸಿದಾಗ ಸುರಿಯುವ ಲೋಳೆ ಉಳಿದ ಹೂಗಳ ನಾಳ ಕಟ್ಟಿಸುತ್ತದೆ. ಅದನ್ನು ಬೇರೆ ಪಾತ್ರೆಯಲ್ಲಿ ಒಂದು ಇಡೀ ದಿನ ನಿಲ್ಲಿಸಿ, ಆ ನೀರು ಚೆಲ್ಲಿ, ತುದಿ ಮತ್ತೆ ಕತ್ತರಿಸದೆ ಟ್ಯೂಲಿಪ್ ಜೊತೆ ಸೇರಿಸಿ. ಕತ್ತರಿಸಿದರೆ ಲೋಳೆ ಮತ್ತೆ ಶುರು. ಟ್ಯೂಲಿಪ್ ಹೂದಾನಿಯಲ್ಲೂ ಎರಡು ಮೂರು ಸೆಂ.ಮೀ. ಬೆಳೆಯುತ್ತದೆ, ಗಿಡ್ಡವಾಗಿಯೇ ಕತ್ತರಿಸಿ ಇಡಿ.

ಸಂಜೆ ಪೂಜೆಯ ಹೊತ್ತಿಗೆ ಬೆಳಗಿನ ದಾಸವಾಳ ಮುದುಡಿರುತ್ತದೆ. ಅರಳಿದ ಹಾಗೆಯೇ ಇಡುವ ಉಪಾಯ?
– ಓದುಗರು, ಮಂಡ್ಯ

ದಾಸವಾಳಕ್ಕೆ ನೀರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದರ ಗಡಿಯಾರ ಒಳಗೇ ಇದೆ. ಆ ಗಡಿಯಾರವನ್ನು ತಂಪಿನಿಂದ ನಿಧಾನ ಮಾಡಬಹುದು ಅಷ್ಟೇ. ಬೆಳಗ್ಗೆ ಪೂರ್ತಿ ಅರಳಿದ ಕೂಡಲೇ ಬಿಡಿಸಿ, ಒಂದರ ಮೇಲೊಂದು ಬೀಳದಂತೆ ಡಬ್ಬಿಯಲ್ಲಿ ಹರಡಿ, ಮುಚ್ಚಳ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಡಿ. ಒಳಗೆ ನೀರಿನ ಹನಿ ಬೇಡ, ತಾಗಿದ ಕಡೆ ಎಸಳು ಪಾರದರ್ಶಕವಾಗಿ ಕರೆಗಟ್ಟುತ್ತದೆ. ಪೂಜೆಗೆ ಕಾಲು ಗಂಟೆ ಮೊದಲು ಹೊರತೆಗೆಯಿರಿ. ಐದೆಸಳಿನ ಕೆಂಪು ದಾಸವಾಳ ಇದಕ್ಕೆ ಚೆನ್ನಾಗಿ ಹೊಂದುತ್ತದೆ.